ಹಚ್ಚಿಕೊಂಡದ್ದು

ಅವ್ವನ ಎಡ ಮುಂಗೈಯ ಮೇಲೆ ಒಂದು ಚೇಳಿದೆ. ಎಪ್ಪತ್ತು ವರ್ಷಗಳಿಂದ ಅಲ್ಲೇ ಇದೆ. ಮೊದಲು ಅದರ ಕೊಂಡಿ ಸೂಜಿಮೊನೆಯಷ್ಟು ಚೂಪಾಗಿತ್ತಂತೆ. ಈಗ ಚರ್ಮ ಸಡಿಲಾಗಿ, ಗೆರೆಗಳು ಹಿಗ್ಗಿ, ಹಸಿ ಕಾಗದದ ಮೇಲೆ ಶಾಯಿ ಹಬ್ಬಿದ ಹಾಗೆ ಕಾಣುತ್ತದೆ. ಚೇಳಿನ ಮೇಲ್ಗಡೆ ಒಂದು ತೊಟ್ಟಿಲು, ಮಣಿಕಟ್ಟಿನ ಹತ್ತಿರ ಐದು ಬೊಟ್ಟು. ಚಿಕ್ಕವಳಿದ್ದಾಗ ರಾತ್ರಿ ಅವ್ವನ ಮಗ್ಗುಲಲ್ಲಿ ಮಲಗಿ, ಬೆರಳಿಗೆ ಉಗುಳು ಹಚ್ಚಿಕೊಂಡು ಆ ಚೇಳನ್ನು ಅಳಿಸಲು ನೋಡುತ್ತಿದ್ದೆ. ಅವ್ವ ನಗುತ್ತಿದ್ದಳು. "ಅದು ನನ್ನ ಕೂಡನ ಬರೂದು" ಅನ್ನುತ್ತಿದ್ದಳು. ಎಲ್ಲಿಗೆ ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ.

ಸತ್ತ ದಿನ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಬೆಳ್ಳಿ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಬಿಚ್ಚಿಕೊಳ್ಳಲು ಯಾರಿಗೂ ಬರುವುದಿಲ್ಲ. ಈ ಮಾತು ನಮ್ಮ ಕಡೆಯ ಹಳೆಯ ಹೆಂಗಸರ ಬಾಯಲ್ಲಿ ಸದಾ ಇತ್ತು. ತನ್ನದೆಂದು ಒಂದು ಗುಂಟೆ ಹೊಲವಾಗಲಿ, ಒಂದು ಕಾಗದಪತ್ರವಾಗಲಿ ಇಲ್ಲದ ಹೆಣ್ಣುಮಕ್ಕಳು ಆಡಿದ ಮಾತು ಅದು. ಆಸ್ತಿ ಎಂದರೆ ಏನು ಎಂದು ಯೋಚಿಸುವಾಗೆಲ್ಲ ನನಗೆ ಆ ಚೇಳು ನೆನಪಾಗುತ್ತದೆ.

ಕಳೆದ ಸಂಕ್ರಮಣಕ್ಕೆ ನಾನು ಬನಹಟ್ಟಿಯಿಂದ ಮಹಾಲಿಂಗಪುರದ ತವರಿಗೆ ಹೋದೆ. ಅದೇ ಬೆಳಗಿನ ಬಸ್ಸಿಗೆ ಅಣ್ಣನ ಮಗಳು ಬೆಂಗಳೂರಿನಿಂದ ಬಂದಿಳಿದಳು. ಕೂದಲಿನ ಒಂದು ಪಕ್ಕಕ್ಕೆ ನೇರಳೆ ಬಣ್ಣ. ಕಿವಿಯ ಮೇಲಂಚಿನಲ್ಲಿ ಸಣ್ಣ ಉಕ್ಕಿನ ಕಡ್ಡಿ. ತೋಳು ಮೇಲಕ್ಕೆ ಸರಿದಾಗ ಬಲ ಮುಂಗೈಯ ಮೇಲೆ ಕರಿ ಗೆರೆಗಳಲ್ಲಿ ಬರೆದ ಕಬ್ಬಿನ ಗರಿಗಳು ಕಂಡವು. ಅಣ್ಣ ಒಮ್ಮೆ ನೋಡಿ, ಏನೂ ಅನ್ನದೆ ತನ್ನ ಬೆಲ್ಲದ ಗಾಣದ ಕಡೆ ಹೊರಟುಹೋದ. ಓಣಿಯವರ ಕಣ್ಣಿಗೆ ಬೀಳುವ ಮೊದಲು ತಲೆಗೆ ಓಢಣಿ ಸುತ್ತಿಕೊ ಎಂದಳು ವೈನಿ. ಅವ್ವ ಮಾತ್ರ, "ಬಾರವಾ, ಬೆಳಕಿಗಿ ಬಾ" ಎಂದು ಪಡಸಾಲೆಯ ಬಾಗಿಲ ಹತ್ತಿರ ಕರೆದು ಕೂರಿಸಿಕೊಂಡಳು.

ನಾನು ಕೇಳಿದ್ದು ಒಂದೇ ಶಬ್ದ. "ಯಾಕ?"

"ಗೊತ್ತಿಲ್ಲ ಅತ್ತಿ. ಹಚ್ಕೋಬೇಕ ಅನಿಸ್ತು, ಹಚ್ಕೊಂಡೆ."

ಆ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ. ಆದರೆ ಆ ದಿನ ಪೂರ್ತಿ ಅವಳ ‘ಹಚ್ಕೊಂಡೆ’ ಎಂಬ ಮಾತು ಕಿವಿಯಲ್ಲಿ ಉಳಿಯಿತು. ನಮ್ಮ ಕಡೆಯ ಮಾತಿನಲ್ಲಿ ‘ಹಚ್ಚು’ ಎಂಬುದಕ್ಕಿರುವಷ್ಟು ದುಡಿಮೆ ಬೇರೆ ಶಬ್ದಗಳಿಗೆ ಕಡಿಮೆ. ದೀಪ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಅರಿಶಿಣ ಹಚ್ಚುತ್ತೇವೆ. ಗಿಡ ಹಚ್ಚುತ್ತೇವೆ, ಮಗುವನ್ನು ಸಾಲಿಗೆ ಹಚ್ಚುತ್ತೇವೆ, ಈಗೀಗ ಫೋನನ್ನೂ ಹಚ್ಚುತ್ತೇವೆ. ಪಾರಿಜಾತದಾಟಕ್ಕೆ ಮುಖಕ್ಕೆ ಬಣ್ಣ ಹಚ್ಚುತ್ತಾರೆ. ಒಬ್ಬರ ಮೇಲೆ ಜೀವ ಇಟ್ಟವಳನ್ನು ಕಂಡರೆ ‘ಭಾಳ ಹಚ್ಚಿಕೊಂಡಾಳ’ ಎನ್ನುತ್ತೇವೆ. ಈ ಶಬ್ದಗಳ ಬೇರು ಒಂದೇ ಹೌದೋ ಅಲ್ಲವೋ ನೋಡುವುದು ಪಂಡಿತರ ಕೆಲಸ. ನನ್ನ ಕಿವಿಗೆ ಇವೆಲ್ಲ ಒಂದೇ ಮನೆಯ ಮಕ್ಕಳಂತೆ ಕೇಳುತ್ತವೆ. ಹೊರಗಿನದೊಂದು ಬಂದು ನಮ್ಮನ್ನು ಮುಟ್ಟಿ, ಮತ್ತೆ ಬಿಟ್ಟು ಹೋಗದಂತೆ ಆಗುವುದು ಹಚ್ಚುವುದು.

ಮಚ್ಚೆಗೂ ಹಚ್ಚೆಗೂ ಒಂದಕ್ಷರ ವ್ಯತ್ಯಾಸ. ಮಚ್ಚೆ ನಾವು ಕೇಳದೆ ಬಂದದ್ದು. ಬಣ್ಣ, ಎತ್ತರ, ಮೂಗಿನ ಓರೆ, ಅಪ್ಪನ ಹಣೆ, ಅವ್ವನ ಗಲ್ಲ ಎಲ್ಲ ಹಾಗೇ ಬಂದವು. ಈ ದೇಹ ತಯಾರಾಗುವಾಗ ನಾವು ಯಾರೂ ಎಚ್ಚರವಿರಲಿಲ್ಲ. ಹಚ್ಚೆ ಬರೆಯುವಾಗ ಮಾತ್ರ ಬರೆಸಿಕೊಳ್ಳುವವರು ಎಚ್ಚರವಿರುತ್ತಾರೆ. ಹಲ್ಲು ಕಚ್ಚಿಕೊಂಡು, ಕಣ್ಣು ತೆರೆದು, ತನ್ನ ಮೈ ತನ್ನ ಮುಂದೆಯೇ ಒಂಚೂರು ಹೊಸದಾಗುವುದನ್ನು ನೋಡುತ್ತ ಕೂರುವುದು ಎಂಥ ಅನುಭವವಾಗಿರಬಹುದು! ನನ್ನ ಮೈಮೇಲೆ ಹಚ್ಚೆ ಇಲ್ಲ. ನಾನು ಬೆಳೆಯುವ ಹೊತ್ತಿಗೆ ಸಾಲಿ ಕಲಿತ ಹುಡುಗಿಯರಿಗೆ ಅದು ಹಳ್ಳಿಗಾಡಿನ ಗುರುತಾಗಿತ್ತು, ಅವ್ವನೂ ಒತ್ತಾಯ ಮಾಡಲಿಲ್ಲ. ಈಗ ಅದನ್ನು ಒಂದು ಕೊರತೆಯಂತೆ ನೆನೆಯುತ್ತೇನೆ.

ಅವ್ವನ ಕಾಲದಲ್ಲಿ ಹಚ್ಚೆ ಹಾಕುತ್ತಿದ್ದವರು ಕೊರವರ ಹೆಂಗಸರು. ಹಚ್ಚೆಯನ್ನು ಹಣಚಿಬಟ್ಟು ಎಂದೂ ಕರೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬುಟ್ಟಿ, ಕಸಬರಿಗೆ ಹೊತ್ತುಕೊಂಡು ಓಣಿಗೆ ಬರುವವರು, ಕಣಿ ಹೇಳುವವರು, ಹೆಣ್ಣುಮಕ್ಕಳ ಕೈ ಹಿಡಿಯುವವರು. ಔಡಲೆಣ್ಣೆಯ ದೀಪದ ಮೇಲೆ ಬೋಕಿ ಬೋರಲು ಹಾಕಿ ಕಾಡಿಗೆ ಹಿಡಿದಿದ್ದು ಅವ್ವನಿಗೆ ನೆನಪಿದೆ. ಅದನ್ನು ಕಲಸಲು ಓಣಿಯ ಬಾಣಂತಿಯೊಬ್ಬಳ ಎದೆಹಾಲು ತಂದಿದ್ದೂ ನೆನಪಿದೆ. ಮೂರು ಸೂಜಿಗಳನ್ನು ನೂಲಿನಿಂದ ಬಿಗಿದು ಒಂದು ಮಾಡಿಕೊಂಡಿದ್ದಳು ಆ ಕೊರವ್ವ. ಹುಡುಗಿಯ ಮೊಣಕೈಯನ್ನು ತನ್ನ ತೊಡೆಯ ಕೆಳಗೆ ಸಿಗಿಸಿಕೊಂಡು ಚುಚ್ಚುತ್ತ ಹೋದಳು, ಚುಚ್ಚುತ್ತಲೇ ಹಾಡಿದಳು. ನೋವು ಮರೆಸಲು ಹಾಡು. ಅದರಲ್ಲಿ ಅವ್ವನ ಹೆಸರು ಬಂತು, ಅವಳ ಅಣ್ಣಂದಿರ ಹೆಸರು ಬಂತು, ಇನ್ನೂ ಕಾಣದ ಗಂಡನ ಮನೆಯೂ ಬಂತು. ಆಮೇಲೆ ಅರಿಶಿಣ, ಎಣ್ಣೆ. ಕೂಲಿ ಒಂದು ಮೊರದ ತುಂಬ ಜೋಳ, ಒಂದು ಹಳೆ ಕುಬಸ.

ಈ ಹೆಂಗಸರ ಬಗ್ಗೆ ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಮುಂದೆ ಅದು ಕೊರವರನ್ನೂ ಒಳಗೆ ಹಾಕಿಕೊಂಡಿತು. ಹುಟ್ಟಿದ ಮಗುವೂ ಹುಟ್ಟಿದ್ದಕ್ಕೇ ಅಪರಾಧಿ ಬುಡಕಟ್ಟಿನದು. ಪೊಲೀಸರಿಗೆ ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಬೇಕು. ಮುಂಬಯಿ ಸರ್ಕಾರ ಹುಬ್ಬಳ್ಳಿ, ವಿಜಾಪುರಗಳಲ್ಲಿ ಇಂಥವರನ್ನಿಡಲು ಸೆಟ್ಲಮೆಂಟ್ ಕಟ್ಟಿತು. ಕಾಯ್ದೆ ರದ್ದಾದದ್ದು 1952ರಲ್ಲಿ, ಹೆಚ್ಚು ಕಡಿಮೆ ಅವ್ವ ಕೈ ಚಾಚಿ ಕೂತ ಕಾಲಕ್ಕೆ. ಎದುರು ಕೂತ ಮಗುವಿನ ಕೈಮೇಲೆ ಬೊಟ್ಟು ಬರೆಯುತ್ತ, ಅವಳ ಹೆಸರನ್ನು ಹಾಡಿಗೆ ಸೇರಿಸುತ್ತಿದ್ದ ಆ ತಾಯಿಯ ಮೇಲೆ ಸರ್ಕಾರ ತಾನೇ ಒಂದು ಗುರುತು ಬರೆದಿತ್ತು. ಅದನ್ನು ಬರೆಯುವಾಗ ಯಾರೂ ಅವಳನ್ನು ಕೇಳಿರಲಿಲ್ಲ. ಯಾರೂ ಹಾಡಿರಲಿಲ್ಲ. ಕೇಳಿ ಹಾಕಿಸಿಕೊಂಡ ಗುರುತಿಗೂ ಕೇಳದೆ ಹೊರಿಸಿದ ಗುರುತಿಗೂ ನಡುವಿನ ಅಂತರ ಭೂಮಿ ಆಕಾಶದಷ್ಟು ಎಂದು ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡ ಕೂಡಲೇ ಒಂಬತ್ತು ವರ್ಷದ ಅವ್ವ ಕಣ್ಣ ಮುಂದೆ ಬರುತ್ತಾಳೆ. ಹಚ್ಚೆ ಇಲ್ಲದ ಸೊಸೆಯ ಕೈಯ ನೀರು ಕುಡಿಯುವುದಿಲ್ಲ ಎನ್ನುವ ಅತ್ತೆಯರಿದ್ದ ಕಾಲದಲ್ಲಿ ಆ ಹುಡುಗಿ ಆರಿಸಿಕೊಂಡದ್ದಾದರೂ ಏನು?

ಮೈಯೊಳಗೆ ಆ ಕಾಡಿಗೆ ಹೇಗೆ ಉಳಿಯುತ್ತದೆ ಎನ್ನುವುದನ್ನು ತಿಳಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ. ನಮ್ಮ ಹೊರ ಚರ್ಮ ತಿಂಗಳೊಪ್ಪತ್ತಿನಲ್ಲಿ ಉದುರಿ ಹೊಸದಾಗುತ್ತಲೇ ಇರುತ್ತದೆ. ಅಂಗೈಯ ಮದರಂಗಿ ಎರಡು ಮೂರು ವಾರದಲ್ಲಿ ಹೋಗುವುದು ಅದಕ್ಕೇ. ಹಚ್ಚೆಯ ಸೂಜಿ ಅದನ್ನು ದಾಟಿ ಒಳಪದರಕ್ಕೆ ಇಳಿಯುತ್ತದೆ. ಕೂಡಲೇ ಮೈಯ ಕಾವಲುಕೋಶಗಳು ಓಡಿ ಬರುತ್ತವೆ, ಇದೇನೋ ಪರಕೀಯ ವಸ್ತು ಎಂದು ಆ ಮಸಿಯ ಕಣಗಳನ್ನು ನುಂಗುತ್ತವೆ. ನುಂಗುತ್ತವೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಹೊಟ್ಟೆಯಲ್ಲಿ ಮಸಿ ಹಿಡಿದುಕೊಂಡು ಅಲ್ಲೇ ಕೂತುಬಿಡುತ್ತವೆ. ಅವಕ್ಕೂ ಆಯುಷ್ಯವಿದೆ. ಅವು ಸತ್ತಾಗ ಮಸಿ ಹೊರಗೆ ಬೀಳುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಅದನ್ನು ಎತ್ತಿಕೊಳ್ಳುತ್ತದೆ. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ ಇದನ್ನು ಕಂಡುಕೊಂಡು 2018ರಲ್ಲಿ ಪ್ರಕಟಿಸಿದರು. ಅಂದರೆ ಅವ್ವನ ಚೇಳು ಎಪ್ಪತ್ತು ವರ್ಷ ಒಂದೇ ಕಡೆ ಸುಮ್ಮನೆ ಕೂತಿಲ್ಲ. ಒಂದು ಜೀವ ಇಳಿಸಿದ್ದನ್ನು ಇನ್ನೊಂದು ಜೀವ ಎತ್ತಿಕೊಳ್ಳುತ್ತ, ತಲೆಮಾರಿನಿಂದ ತಲೆಮಾರಿಗೆ ಸಾಗುತ್ತ, ಇದ್ದಲ್ಲೇ ಇದೆ. ಮೊದಲ ದಿನ ಆ ಕಾಡಿಗೆಯನ್ನು ಹಿಡಿದ ಕೋಶಗಳಲ್ಲಿ ಎಷ್ಟೋ ಈಗ ಉಳಿದಿರಲಾರವು.

ಬಣ್ಣದ್ದೂ ಒಂದು ಸೋಜಿಗ. ಹಾಕಿದ್ದು ಕರೀ ಕಾಡಿಗೆ, ಕಾಣುವುದು ಹಸಿರು. ಚರ್ಮದೊಳಗೆ ಇಳಿದ ಬೆಳಕು ಚೆದುರಿ ಹೊರಬರುವಾಗ ಕಪ್ಪು ನಮ್ಮ ಕಣ್ಣಿಗೆ ನೀಲಿಯಾಗಿ, ಹಸಿರಾಗಿ ತೋರುತ್ತದೆ. ಹೂತಿಟ್ಟ ಬೀಜ ಹಸಿರಾಗುವುದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಆದರೂ ಅವ್ವನ ಕೈ ನೋಡುವಾಗ ಇಲ್ಲೇನೋ ಬಿತ್ತಿದ್ದಾರೆ ಅನಿಸುತ್ತದೆ.

ಹುಡುಗಿಯ ಕೂದಲಿನ ನೇರಳೆ ಹಾಗಲ್ಲ, ಅದು ಹೋಗಲೆಂದೇ ಬಂದ ಬಣ್ಣ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಕಪ್ಪು ಇಣುಕುತ್ತ ಇಣುಕುತ್ತ ಕೊನೆಗೆ ಬಣ್ಣ ತುದಿಗೆ ಸರಿದು ಕತ್ತರಿಗೆ ಸಿಗುತ್ತದೆ. ಜಗತ್ತಿಗೆ ಮೊದಲು ದೊಡ್ಡ ಪ್ರಮಾಣದಲ್ಲಿ ಸಿಕ್ಕ ಕೃತಕ ಬಣ್ಣವೂ ನೇರಳೆಯದೇ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ, ಡಾಂಬರಿನಿಂದ ತೆಗೆದ ರಾಸಾಯನಿಕದಲ್ಲಿ ಅದನ್ನು ಕಂಡುಕೊಂಡ. ಒಂದು ಕಾಲಕ್ಕೆ ನೇರಳೆ ಎಂದರೆ ಅರಸರ ಉಡುಗೆ. ಈಗ ಮಹಾಲಿಂಗಪುರದ ಓಣಿಯಲ್ಲಿ ಬೆಲ್ಲ ಮಾರುವವನ ಮಗಳ ತಲೆಯ ಮೇಲೆ.

ಓಣಿಯವರಿಗೆ ಅದು ಅತಿಯಾಗಿ ಕಂಡಿತು. ಅವರನ್ನು ನಾನು ದೂರಲಾರೆ, ಕಣ್ಣಿಗೂ ರೂಢಿ ಬೇಕು. ಆದರೆ ಕಾರಹುಣ್ಣಿಮೆಯ ದಿನ ಇದೇ ಓಣಿಯಲ್ಲಿ ಎತ್ತುಗಳ ಕೋಡಿಗೆ ಬಣ್ಣ ಬಳಿಯುವಾಗ ಎಷ್ಟು ಪ್ರೀತಿ! ಒಂದು ಕೋಡಿಗೆ ಕೆಂಪು, ಒಂದಕ್ಕೆ ಹಸಿರು, ಮೈಮೇಲೆ ಬಣ್ಣದ ಚುಕ್ಕಿ. ಎತ್ತಿಗೆ ಯಾಕೆ ಬಣ್ಣ ಎಂದು ಒಬ್ಬರೂ ಕೇಳುವುದಿಲ್ಲ. ಮಳೆಗಾಲ ಮುಂದಿದೆ, ದುಡಿಮೆ ಮುಂದಿದೆ, ಅದಕ್ಕೆ ಮೊದಲು ಒಂದು ದಿನವಾದರೂ ಆ ಜೀವ ಎಲ್ಲರ ಕಣ್ಣಲ್ಲಿ ತುಂಬಿ ನಿಲ್ಲಲಿ ಎಂಬ ಆಸೆ. ಮನೆಯಿಂದ ಐನೂರು ಕಿಲೋಮೀಟರಿನಾಚೆ, ಹೆಸರೂ ಕೇಳದ ಲಕ್ಷಾಂತರ ಜನರ ನಡುವೆ ದುಡಿಯುವ ಇಪ್ಪತ್ಮೂರರ ಹುಡುಗಿಗೆ ಅದೇ ಆಸೆ ಹುಟ್ಟಿದರೆ ಅಚ್ಚರಿಯೇನು?

ಅವಳ ಕಿವಿಯ ಮೇಲಂಚಿನ ಉಕ್ಕಿನ ಕಡ್ಡಿಯನ್ನು ನೋಡಿ ವೈನಿ, ಇದೆಂಥ ಹೊಸ ಫ್ಯಾಶನ್ನು ಎಂದಳು. ಅವ್ವ ತನ್ನ ಸೆರಗು ಸರಿಸಿ ತನ್ನ ಕಿವಿ ತೋರಿಸಿದಳು. ಅದೇ ಜಾಗದಲ್ಲಿ ಒಂದು ತೂತು, ಬುಗುಡಿಯದು. 1972ರ ಬರದಲ್ಲಿ ಬುಗುಡಿ ಮಾರಿದ್ದರು. ಐವತ್ತು ವರ್ಷ ಖಾಲಿ ಇದ್ದರೂ ತೂತು ಮುಚ್ಚಿಲ್ಲ. ನಾವೆಲ್ಲ ಪತ್ತಾರರ ಮುಂದೆ ಕೂತು ಕಿವಿ ಚುಚ್ಚಿಸಿಕೊಂಡವರೇ, ನನ್ನ ಮೂಗೂ ಹಾಗೇ. ಬಾದಾಮಿಯ ಮೂರನೇ ಗುಹೆ ಮಂಗಳೇಶನ ಶಾಸನದ ಪ್ರಕಾರ 578ರದು. ಅಲ್ಲಿಯ ಕಂಬಗಳ ಮೇಲಿನ ಜೋಡಿಗಳನ್ನು ಕತ್ತು ಎತ್ತಿ ನೋಡಿದರೆ, ತಲೆಯಿಂದ ತಲೆಗೆ ಬೇರೆ ಬೇರೆ ಕೇಶಶೃಂಗಾರ, ಹೆಣ್ಣಿಗೂ ಗಂಡಿಗೂ ಕಿವಿಯಲ್ಲಿ ಭಾರದ ಓಲೆ. ಶ್ರವಣಬೆಳಗೊಳದ ಗೊಮ್ಮಟ ಎಲ್ಲವನ್ನೂ ಬಿಟ್ಟು ನಿಂತವನು, ಅರಿವೆಯನ್ನೂ ಬಿಟ್ಟವನು. ಅವನ ಕಿವಿಹಾಲೆ ಮಾತ್ರ ಉದ್ದವಾಗಿ ಇಳಿದಿದೆ. ಹಿಂದೆ ತೊಟ್ಟ ಕುಂಡಲಗಳ ನೆನಪನ್ನು ಕಿವಿ ಇನ್ನೂ ಬಿಟ್ಟಿಲ್ಲವೇನೋ ಎಂದು ನನಗೆ ಅನಿಸಿದ್ದಿದೆ.

ಅದೇ ಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಕೆತ್ತನೆಯಿದೆ. ಅದು ನಮ್ಮ ಪಕ್ಕದ ಮುಧೋಳದ ರನ್ನನದೇ ಎಂದು ವಿದ್ವಾಂಸರು ನಂಬುತ್ತಾರೆ. ಇದನ್ನು ನೆನೆದಾಗೆಲ್ಲ ನನಗೆ ಎದೆ ತುಂಬುತ್ತದೆ. ಓಲೆಗರಿಯ ಮೇಲೆ ಅಷ್ಟು ದೊಡ್ಡ ಕಾವ್ಯ ಬರೆಯಬಲ್ಲ ಕವಿ. ಅವನಿಗೂ ಒಂದು ಕ್ಷಣ ಕಲ್ಲಿನ ಮುಂದೆ ನಿಂತು, ನಾನು ಇಲ್ಲಿಗೆ ಬಂದಿದ್ದೆ ಎಂದು ಬರೆಯಬೇಕು ಅನಿಸಿತು. ಅದಕ್ಕೂ ಯಾಕೆ ಎಂದು ಕೇಳಿದ್ದರೆ, ಬರೀಬೇಕ ಅನಿಸ್ತು, ಬರದೆ ಎಂದೇ ಅನ್ನುತ್ತಿದ್ದನೋ ಏನೋ.

ಸಂಜೆ ಅವ್ವ ಮತ್ತೆ ಹುಡುಗಿಯ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೊಸ ಸೂಜಿಯನ್ನು ನಿನ್ನ ಮುಂದೆಯೇ ಬಿಚ್ಚಿದರೋ ಇಲ್ಲವೋ ಎಂದು ನಾನು ಅಷ್ಟರಲ್ಲಿ ಎರಡು ಸಲ ಕೇಳಿಯಾಗಿತ್ತು, ಬಿಚ್ಚಿದ್ದರಂತೆ. ಅವ್ವನ ಬೆರಳು ಗರಿಗಳ ಮೇಲೆ ನಿಧಾನವಾಗಿ ಹೋಗಿ ಒಂದು ಕಡೆ ನಿಂತಿತು. ನಾನು ಆಗ ನೋಡಿದೆ. ಗರಿಗಳ ನಡುವೆ ಒಂದಿಷ್ಟು ಜಾಗ ಖಾಲಿ ಬಿಟ್ಟಿತ್ತು. ಅಲ್ಲಿ ಚರ್ಮ ನುಣುಪಾಗಿ, ಬಿಳಿಚಿ, ಸಣ್ಣಗೆ ಮಡಿಚಿಕೊಂಡಿತ್ತು.

ಆ ಕಲೆ ಬಿದ್ದಾಗ ಹುಡುಗಿಗೆ ಆರು ವರ್ಷ. ಗಾಣದಲ್ಲಿ ಕುದ್ದ ಪಾಕವನ್ನು ಕೊಪ್ಪರಿಗೆಯಿಂದ ಇಳಿಸುವ ಹೊತ್ತು. ಆ ಗಳಿಗೆಗೆ ಎಲ್ಲರ ಕಣ್ಣೂ ಪಾಕದ ಮೇಲೆಯೇ. ಅರೆಕ್ಷಣ ತಡವಾದರೆ ಬೆಲ್ಲ ಕೆಡುತ್ತದೆ. ಮಗು ಅವ್ವನ ಕೈ ಬಿಡಿಸಿಕೊಂಡು ಮುಂದೆ ಓಡಿತು. ಪಾಕ ನೀರಿನಂತಲ್ಲ, ಸಿಡಿದದ್ದು ಜಾರುವುದಿಲ್ಲ, ಹತ್ತಿಕೊಂಡು ಸುಡುತ್ತದೆ. ಗಾಯ ಎರಡು ತಿಂಗಳಿಗೆ ಮಾಯಿತು. ಅವ್ವ ಆವತ್ತಿನಿಂದ ಈವತ್ತಿನವರೆಗೆ ಆ ಕೈಯನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಮುಚ್ಚಿಸಬೇಕಂತ ಹೋಗಿದ್ದೆ ಆಯಿ," ಹುಡುಗಿ ಹೇಳಿದಳು. "ಸುಟ್ಟ ಕಲಿ ಮ್ಯಾಲ ಬಣ್ಣ ಸರಿಯಾಗಿ ಕೂಡೂದಿಲ್ಲ ಅಂದ್ರು ಅವರು. ಆಮ್ಯಾಲ ನನಗ ಅನಿಸ್ತು, ಮುಚ್ಚೂದ್ಯಾಕ? ಅದೂ ನಂದ. ಸುತ್ತ ಕಬ್ಬ ಹಚ್ಚರಿ ಅಂದೆ."

ಕಬ್ಬು ಹಚ್ಚಿರಿ. ನಮ್ಮಲ್ಲಿ ಹೊಲಕ್ಕೆ ಕಬ್ಬಿನ ಬೀಜ ಇಡುವಾಗ ಆಡುವ ಮಾತು ಅದು.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಮನುಷ್ಯನ ಸುದ್ದಿ ನನಗೆ ನೆನಪಾಯಿತು. ಆತ ಸತ್ತು 5300 ವರ್ಷ ಆಗಿತ್ತು. ಓಟ್ಜಿ ಎಂದು ಹೆಸರಿಟ್ಟರು. ಅವನ ಮೈಮೇಲೆ 61 ಹಚ್ಚೆಗಳಿದ್ದವು. ಚಿತ್ರಗಳಲ್ಲ, ಬರೀ ಸಣ್ಣ ಗೀಟುಗಳು. ಬಹಳಷ್ಟು ನಡುವಿನ ಮೇಲೆ, ಮೊಣಕಾಲಿನ ಹತ್ತಿರ, ಹರಡಿನ ಹತ್ತಿರ. ಪರೀಕ್ಷಿಸಿದಾಗ ಆ ಕೀಲುಗಳಲ್ಲಿ ಹಲವು ಸವೆದಿದ್ದವು. ನೋವಿದ್ದ ಕಡೆಯೇ ಯಾರೋ ಗೀಟು ಎಳೆದಿದ್ದರು. ಅದು ಮದ್ದೋ, ಹರಕೆಯೋ. ಆದರೆ ಕೆಲವನ್ನು ಅವನು ತಾನೇ ಎಳೆದುಕೊಳ್ಳಲು ಆಗದ ಜಾಗದಲ್ಲಿ ಎಳೆಯಲಾಗಿದೆ, ಬೆನ್ನಿನ ಮೇಲೆ. ಅಂದರೆ ಅವನು ಎಲ್ಲಿ ನೋಯುತ್ತದೆಂದು ಇನ್ನೊಬ್ಬರಿಗೆ ತೋರಿಸಿದ್ದ. ಆ ಇನ್ನೊಬ್ಬರು ಅಲ್ಲಿ ಕೈ ಇಟ್ಟಿದ್ದರು.

ಹುಡುಗಿ ಈಗ ಅವ್ವನ ಚೇಳಿನ ಮೇಲೆ ಬೆರಳಿಟ್ಟು ಕೇಳಿದಳು, "ನೀ ಯಾಕ ಚೇಳ ಹಾಕಿಸ್ಕೊಂಡಿ?"

ಐವತ್ತು ವರ್ಷಗಳಲ್ಲಿ ಇದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಎಲ್ಲರ ಕೈಯಲ್ಲೂ ಇತ್ತು, ಅವ್ವನ ಕೈಯಲ್ಲೂ ಇತ್ತು, ಅಷ್ಟೇ ಅಂದುಕೊಂಡಿದ್ದೆ.

"ಆಕಿ ಬರೇ ತೊಟ್ಲ ಹಾಕ್ತೇನಿ ಅಂದ್ಲು," ಅವ್ವ ಹೇಳಿದಳು. "ನಾ ಒಲ್ಲೆ ಅಂದೆ, ಚೇಳೂ ಬೇಕಂತ ಹಟಾ ಹಿಡದೆ. ಆ ವರ್ಷ ಕಬ್ಬಿನ ರವದ್ಯಾಗ ಚೇಳ ಕಡದಿತ್ತ ನನಗ. ರಾತ್ರೆಲ್ಲ ಒದ್ದಾಡಿದ್ದೆ. ಕೈಮ್ಯಾಲ ಇಟ್ಕೊಂಡ್ರ ನಮ್ಮಾಕಿನ ಅಂತ ತಿಳಕೋತೈತಿ, ಮತ್ತ ಕಡಿಯೂದಿಲ್ಲ ಅನಿಸಿತ್ತ."

"ಮತ್ತ ಕಡೀತೇನ?"

"ಇಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂಗಳದಾಚೆ ಗಾಣದಿಂದ ಬಂದ ಅಣ್ಣ ಕಾಲು ತೊಳೆಯುವ ಸಪ್ಪಳ ಕೇಳಿಸುತ್ತಿತ್ತು. ಅವ್ವ ಎಣ್ಣೆಯ ಬಟ್ಟಲು ತರಿಸಿ ಗರಿಗಳಿಗೂ ನಡುವಿನ ಬಿಳೀ ಚರ್ಮಕ್ಕೂ ಹಚ್ಚತೊಡಗಿದಳು.

"ಚುಚ್ಚುವಾಗ ಯಾರರ ಹಾಡಿದ್ರೇನ ನಿನಗ?"

"ಇಲ್ಲ ಆಯಿ. ಮಿಷನ್ ಸಪ್ಪಳ ಅಷ್ಟ, ಝುಂಯ್ ಅಂತ."

"ಹಾಡಿಲ್ಲಾ?" ಅವ್ವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದಕ್ಕೆ. ಕೂದಲಿಗೂ ಅಲ್ಲ, ಉಕ್ಕಿನ ಕಡ್ಡಿಗೂ ಅಲ್ಲ. "ಅಷ್ಟೊತ್ತು ಹಂಗ ಕುಂತಿದ್ಯಾ, ಹಾಡಿಲ್ಲದ?"

ಆಮೇಲೆ ಅವಳು ಆ ಕೊರವ್ವನ ಹಾಡನ್ನು ನೆನಪಿಸಿಕೊಳ್ಳಲು ನೋಡಿದಳು. ಬಾಯಿ ತೆರೆದಳು, ಪದ ಬರಲಿಲ್ಲ. ಇನ್ನೊಮ್ಮೆ ನೋಡಿದಳು. ಅಣ್ಣ ಒದ್ದೆ ಕಾಲಲ್ಲೇ ಹೊಸ್ತಿಲ ಹತ್ತಿರ ಬಂದು ನಿಂತಿದ್ದ. "ಮಾತು ಹೋಗ್ಯಾವ, ದಾಟಿ ಅಷ್ಟ ಉಳದೈತಿ" ಅಂದಳು ಅವ್ವ. ಹುಡುಗಿಯ ಮೊಣಕೈಯನ್ನು ತನ್ನ ತೊಡೆಗೆ ಬಿಗಿಯಾಗಿ ಒತ್ತಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಮಾತಿಲ್ಲದೆ ಗುನುಗಿದಳು. ಮೂರನೇ ಸುತ್ತಿಗೆ ಎಲ್ಲಿ ಹೆಸರು ಬರಬೇಕೋ ಅಲ್ಲಿ ಹುಡುಗಿಯ ಹೆಸರು ಬಂತು, ಅದರ ಹಿಂದೆಯೇ ನನ್ನ ಅಣ್ಣನ ಹೆಸರು.